ಗೃಹಪ್ರವೇಶದ ಹಸುವಿಗೆ ಉಣ್ಣೆ ಜ್ವರ

ಬ್ಯಾಡರಹಳ್ಳಿಯಲ್ಲಿ ಮನೆ ಕಟ್ಟಿಸಿದಾಗ ನನ್ನ ಗಂಡ ಅಡಿಪಾಯದ ಬಗ್ಗೆ ಎಂಜಿನಿಯರಿಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕಂಬ, ಕಬ್ಬಿಣ, ಸಿಮೆಂಟು ಎಲ್ಲದಕ್ಕೂ "ನೀವೇ ನೋಡ್ಕೊಳ್ಳಿ ಸಾರ್" ಎಂದುಬಿಟ್ಟರು. ಅವರ ಜೀವವೆಲ್ಲ ಇದ್ದದ್ದು ನೆಲದ ಟೈಲ್ಸ್ ಮೇಲೆ. ಮಾಗಡಿ ರಸ್ತೆಯ ಟೈಲ್ಸ್ ಅಂಗಡಿಗಳಿಗೆ ಅವರು ಎಷ್ಟು ಸಲ ಹೋಗಿಬಂದರೆಂದರೆ, ಕೊನೆಕೊನೆಗೆ ಅಲ್ಲಿಯವರು ಇವರಿಗೆ ಟೀ ತರಿಸುವುದನ್ನೂ ಬಿಟ್ಟರು. ನನಗೆ ಬಿಳಿ ಎಂದರೆ ಬಿಳಿ. ಅವರಿಗೆ ಐವರಿ ಬೇರೆ, ಪರ್ಲ್ ಬೇರೆ, ಕ್ರೀಮ್ ಬೇರೆ. ಅಂತೂ ಆರಿಸಿದ್ದು ಹಾಲಿನಂಥ ಬಿಳಿ, ಬಗ್ಗಿದರೆ ಮುಖ ಕಾಣುವಷ್ಟು ಹೊಳಪು. ಅದನ್ನು ಹಾಕಿಸಿದ ಮೇಲೆ ಬಡಗಿಗಳೂ ಆ ನೆಲದ ಮೇಲೆ ಸಾಕ್ಸ್ ತೊಟ್ಟೇ ಕೆಲಸ ಮಾಡಬೇಕಾಯಿತು.

ಹೀಗಿರುವಾಗ ಗೃಹಪ್ರವೇಶಕ್ಕೆ ಹಸು ಒಳಗೆ ಬರಬೇಕು ಎಂದು ನಮ್ಮ ಅತ್ತೆ ಅಂದರು.

"ಬಾಗಿಲ ಹತ್ರ ನಿಲ್ಸೋಣ ಅಮ್ಮ. ಪೂಜೆ ಮಾಡಿ, ಬಾಳೆಹಣ್ಣು ಕೊಟ್ಟು ಕಳಿಸೋಣ," ಎಂದರು ನನ್ನ ಗಂಡ.

"ಬಾಗಿಲಲ್ಲಿ ನಿಲ್ಸಿ ಕಳ್ಸಕ್ಕೆ ಅದೇನು ಕೊರಿಯರ್‌ನವನಾ? ಒಳಗೆ ಬರ್ಬೇಕು. ಬಂದು ಗಂಜಲ ಹಾಕಿದ್ರಂತೂ ಇನ್ನೂ ಶ್ರೇಷ್ಠ."

ಗಂಜಲದ ಹೆಸರು ಕೇಳಿದ್ದೇ ನನ್ನ ಗಂಡ ಟೈಲ್ಸ್ ನಡುವಿನ ಗೆರೆಗಳನ್ನು ನೋಡತೊಡಗಿದರು. ವಾರವಿಡೀ ಮಾತುಕತೆ ನಡೆದು ಒಂದು ಒಪ್ಪಂದವಾಯಿತು. ಬಾಗಿಲಿನಿಂದ ನಡುಮನೆಯವರೆಗೆ ಜಮಖಾನ ಹಾಸುವುದು, ಹಸು ಅದರ ಮೇಲೆ ಬಂದು ಅದರ ಮೇಲೇ ತಿರುಗಿ ಹೋಗುವುದು. ಹಸುವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪುರೋಹಿತರಿಗೆ ಗೊತ್ತಿದ್ದ ನಾಟಿ ಹಸು ಅಂದು ಬೇರೆ ಬೇರೆ ಮನೆಗಳಿಗೆ ಬುಕ್ ಆಗಿತ್ತು. ಮುಹೂರ್ತ ಚೆನ್ನಾಗಿದ್ದರೆ ಬೆಂಗಳೂರಿನಲ್ಲಿ ಹಸುವಿಗೂ ಬಿಡುವಿರುವುದಿಲ್ಲ. ಹಾಗಾಗಿ ನಮ್ಮ ಹಿಂದಿನ ರಸ್ತೆಯಲ್ಲಿ ಖಾಲಿ ಸೈಟಿನಲ್ಲಿ ಕೊಟ್ಟಿಗೆ ಹಾಕಿಕೊಂಡು ಹಾಲು ಮಾರುತ್ತಿದ್ದ ಅಕ್ಕನನ್ನು ಕೇಳಿದೆವು. ಅವರದು ಕಪ್ಪುಬಿಳಿ ಮಚ್ಚೆಯ ದೊಡ್ಡ ಸೀಮೆ ಹಸು. ಅತ್ತೆ ಸ್ವಲ್ಪ ಮುಖ ಸಿಂಡರಿಸಿದರು. ಪುರೋಹಿತರು, "ಬಾಲ ಇದೆ, ಕೊಂಬಿನ ಜಾಗ ಇದೆ, ಅಡ್ಜಸ್ಟ್ ಮಾಡ್ಕೊಳಿ ತಾಯಿ," ಎಂದು ಸಮಾಧಾನ ಮಾಡಿದರು.

ಇನ್ನು ನಮ್ಮ ಚಿಕ್ಕಪ್ಪನ ವಿಷಯ. ನನ್ನ ತಂದೆಯ ತಮ್ಮ, ನಿವೃತ್ತ ಪಶುವೈದ್ಯರು, ಮಹಾಲಕ್ಷ್ಮಿ ಲೇಔಟಿನಲ್ಲಿ ಇದ್ದಾರೆ. ಒಳ್ಳೆಯ ಮನುಷ್ಯ. ಆದರೆ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಯಾರೂ ಕೂರುವುದಿಲ್ಲ. ಎಲೆಗೆ ಅನ್ನ ಬಿದ್ದ ಕೂಡಲೇ ಅವರಿಗೆ ಯಾವುದೋ ಎಮ್ಮೆಯ ಹೊಟ್ಟೆಯಲ್ಲಿ ಸಿಕ್ಕ ಹುಳುವಿನ ನೆನಪಾಗುತ್ತದೆ. ನನ್ನ ಮದುವೆಯಲ್ಲಿ ಗಂಡಿನ ಕಡೆಯವರ ನಡುವೆ ಕೂತು, ಶಾವಿಗೆ ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಅವರು ಕರುಗಳ ಜಂತುಹುಳುವಿನ ಉದ್ದ ಎಷ್ಟಿರುತ್ತದೆಂದು ಕೈಯಲ್ಲಿ ತೋರಿಸಿದ್ದರು. ನಮ್ಮ ಅತ್ತೆ ಅಂದಿನಿಂದ ಇಂದಿನವರೆಗೆ ಶಾವಿಗೆ ಪಾಯಸ ಮುಟ್ಟಿಲ್ಲ. ಗೃಹಪ್ರವೇಶಕ್ಕೆ ಅವರನ್ನು ಕರೆಯುವಾಗಲೂ ನನಗೆ ಹೇಳಿದ್ದರು: "ನಿಮ್ಮ ಚಿಕ್ಕಪ್ಪನ್ನ ಕೊನೇ ಪಂಕ್ತೀಲಿ ಕೂರ್ಸಮ್ಮ. ಗೋಡೆ ಕಡೆ."

ಅಂದು ಬೆಳಿಗ್ಗೆ ಹಾಲಿನ ಅಕ್ಕ ಹಸುವಿಗೆ ಸ್ನಾನ ಮಾಡಿಸಿ, ಬೆನ್ನ ಮೇಲೆ ತಮ್ಮದೇ ಹಳೆಯ ರೇಷ್ಮೆ ರವಿಕೆ ಕಣ ಹೊದಿಸಿ, ಕೊರಳಿಗೆ ಸೇವಂತಿಗೆ ಹಾರ ಹಾಕಿ ಕರೆತಂದರು. ಹೊಸ ಮನೆಯ ಮುಂದೆ ಹಸುಗಳು ಸಾಮಾನ್ಯವಾಗಿ ಮೊಂಡು ಹಿಡಿಯುತ್ತವೆ. ನಾಲ್ಕು ಜನ ತಳ್ಳಬೇಕು, ಇಬ್ಬರು ಎಳೆಯಬೇಕು. ಇದು ಹಾಗೇನೂ ಮಾಡಲಿಲ್ಲ. ತಲೆ ತಗ್ಗಿಸಿ, ಮೆಟ್ಟಿಲು ಹತ್ತಿ, ಮಾವಿನ ತೋರಣದ ಕೆಳಗೆ ಹಾದು ಒಳಗೆ ಬಂತು.

"ಎಷ್ಟು ಸಾಧು ನೋಡಿ!" ಎಂದರು ಎಲ್ಲರೂ.

ಅತ್ತೆ ಬಾಳೆಹಣ್ಣು ಹಿಡಿದರು. ಹಸು ಮೂಸಿ ಮುಖ ತಿರುಗಿಸಿತು.

"ನೆನ್ನೆಯಿಂದ ಸ್ವಲ್ಪ ಸಪ್ಪಗವ್ಳೆ ಅಮ್ಮ. ಬೂಸಾನೂ ಮುಟ್ಟಿಲ್ಲ. ಯಾರ್ದೋ ದೃಷ್ಟಿ ಆಗೈತೆ ಅಂತ ಮೆಣಸಿನಕಾಯಿ ನಿವಾಳ್ಸಿದೀನಿ," ಎಂದರು ಹಾಲಿನ ಅಕ್ಕ.

ಹಸು ಜಮಖಾನದ ಮೇಲೆ ನಡುಮನೆಯವರೆಗೆ ಬಂದು, ನಿಂತು, ಯೋಚಿಸಿ, ಜಮಖಾನದಿಂದ ಪಕ್ಕಕ್ಕೆ ಸರಿದು, ಅಚ್ಚ ಬಿಳಿ ಟೈಲ್ಸ್ ಮೇಲೆ ಕಾಲು ಅಗಲಿಸಿತು.

"ಆಹಾ! ಆಹಾ!" ಎಂದು ಹೆಂಗಸರು ಕೈಮುಗಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬೆಳ್ಳಿ ಚೊಂಬು ಹಿಡಿದು ಓಡಿದರು. ನನ್ನ ಗಂಡ ಕಣ್ಣು ಮುಚ್ಚಿಕೊಂಡರು. ಅವರ ಸೋದರಮಾವ ಮುಂದೆ ಬಾಗಿ ಬೆರಳದ್ದಿ ತಲೆಗೆ ಪ್ರೋಕ್ಷಣೆ ಮಾಡಿಕೊಂಡೂ ಆಯಿತು. ಆಮೇಲೆ ಒಬ್ಬೊಬ್ಬರೇ ಮುಗಿದ ಕೈ ಇಳಿಸಿದರು. ನೆಲದ ಮೇಲೆ ಹರಿಯುತ್ತಿದ್ದದ್ದು ಬೆಳಗಿನ ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್ನಿನ ಬಣ್ಣದಲ್ಲಿತ್ತು.

ಎಲ್ಲರೂ ಪುರೋಹಿತರ ಮುಖ ನೋಡಿದರು. ಅವರು ನೆಲ ನೋಡಿದರು, ಹಸು ನೋಡಿದರು, ಗಂಟಲು ಸರಿಮಾಡಿಕೊಂಡು, "ಕೆಂಪು ಅಂದ್ರೆ... ಲಕ್ಷ್ಮಿ ಬಣ್ಣ. ವಿಶೇಷ," ಎಂದರು. ಆ ವಿಶೇಷವನ್ನು ಅವರು ಹೇಳಿದ ರೀತಿಯಲ್ಲಿ ನನಗೆ ಅಷ್ಟು ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಜನರನ್ನು ಮೊಣಕೈಯಲ್ಲಿ ಸರಿಸುತ್ತ ಚಿಕ್ಕಪ್ಪ ಬಂದರು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು. ಮುಖದಲ್ಲಿ, ಇಷ್ಟು ವರ್ಷದಲ್ಲಿ ಯಾವ ಮದುವೆ ಮುಂಜಿಯಲ್ಲೂ ನಾನು ನೋಡಿರದ ಸಂತೋಷ.

"ಯಾರೂ ಒರೆಸ್ಬೇಡಿ! ಯಾರೂ ಒರೆಸ್ಬೇಡಿ!" ಎಂದು ಕೂಗಿ, ತಟ್ಟೆಯನ್ನು ಪುರೋಹಿತರ ಕೈಗೆ ಕೊಟ್ಟು, ಮಂಡಿಯೂರಿ ಕೂತರು. "ಎಂಥಾ ಕ್ಲಾಸಿಕ್ ಕಲರ್! ಕಾಲೇಜಲ್ಲಿ ಪಾಠ ಮಾಡೋಕೆ ಇಷ್ಟು ಚೆನ್ನಾಗಿರೋದು ಸಿಗ್ತಿರಲಿಲ್ಲ."

"ಏನಾಯ್ತು ಬೀಗರೇ?" ಎಂದರು ಅತ್ತೆ, ಚೊಂಬನ್ನು ಎದೆಗವಚಿಕೊಂಡು.

ಚಿಕ್ಕಪ್ಪ ಹಸುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪಗಿರಬೇಕಾದದ್ದು ಸುಣ್ಣದ ಹಾಗೆ ಬೆಳ್ಳಗಿತ್ತು. ಕಿವಿ ಮುಟ್ಟಿದರು, ಕಾದಿತ್ತು. ಬಾಲ ಎತ್ತಿ, ಕೆಚ್ಚಲ ಸಂದಿಯಲ್ಲಿ ಬೆರಳಾಡಿಸಿ, ರಕ್ತ ಹೀರಿ ಉದ್ದಿನಕಾಳಿನಷ್ಟು ದಪ್ಪ ಉಬ್ಬಿದ್ದ ಒಂದು ಉಣ್ಣೆಹುಳುವನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಇವನೇ ಕಳ್ಳ. ಉಣ್ಣೆ ಜ್ವರ. ಈ ಉಣ್ಣೆ ಕಚ್ದಾಗ ಒಂದು ಸಣ್ಣ ಜೀವಾಣು ರಕ್ತಕ್ಕೆ ಇಳಿಯುತ್ತೆ. ಮಲೇರಿಯಾದ ದಾಯಾದಿ ಅದು. ಕೆಂಪು ರಕ್ತಕಣದ ಒಳಗೇ ಮನೆ ಮಾಡಿ, ಮರಿ ಹಾಕಿ, ಕಣ ಒಡ್ಕೊಂಡು ಆಚೆ ಬರುತ್ತೆ. ಒಡೆದ ರಕ್ತದ ಬಣ್ಣ ನೋಡಿ, ಇಲ್ಲಿ ಹರೀತಿದೆ."

ಪ್ರೋಕ್ಷಣೆ ಮಾಡಿಕೊಂಡಿದ್ದ ಸೋದರಮಾವ ತಲೆ ಮುಟ್ಟಿ ನೋಡಿಕೊಂಡರು. "ನಂಗೂ ಬರುತ್ತಾ ಸಾರ್?"

"ನಿಮ್ಮನ್ನ ಉಣ್ಣೆ ಕಚ್ಚಿದ್ಯಾ?"

"ಇಲ್ಲ."

"ಹಾಗಾದ್ರೆ ತಲೆ ತೊಳ್ಕೊಂಡು ತಿಂಡಿ ತಿನ್ನಿ."

ಹಾಲಿನ ಅಕ್ಕ ಅಳು ಶುರು ಮಾಡಿದರು. ಕೊಟ್ಟಿಗೆಯ ಮಣ್ಣಿನಲ್ಲಿ ಗಂಜಲದ ಬಣ್ಣ ಯಾರಿಗೆ ಕಾಣುತ್ತದೆ? ಚಿಕ್ಕಪ್ಪ ಅವರ ಬೆನ್ನು ತಟ್ಟಿದರು. "ಔಷಧಿ ಇದೆಯಮ್ಮ, ಒಳ್ಳೇ ಔಷಧಿ ಇದೆ. ಆಂಟಿಬಯಾಟಿಕ್‌ಗೆಲ್ಲ ಬಗ್ಗೋದಲ್ಲ ಇದು, ಇದರದ್ದೇ ಇಂಜೆಕ್ಷನ್ ಬೇರೆ. ಇವತ್ತು ಕೊಟ್ರೆ ಉಳಿಯುತ್ತೆ. ನಾಳೆ ಅಂದಿದ್ರೆ ಹೇಳಕ್ಕಾಗ್ತಿರಲಿಲ್ಲ." ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಅಳಿಯಂದ್ರೇ, ನೀವು ಬಿಳಿ ಟೈಲ್ಸ್ ಹಾಕ್ಸಿದ್ದಕ್ಕೆ ಗೊತ್ತಾಯ್ತು. ಇದೇ ಕಪ್ಪು ಗ್ರಾನೈಟ್ ಆಗಿದ್ರೆ ಹಸು ಹೋಗಿರೋದು," ಎಂದರು.

ನನ್ನ ಗಂಡ ಕಣ್ಣು ತೆರೆದರು. ಇಡೀ ನೆಂಟರಿಷ್ಟರಲ್ಲಿ ಅವರ ಟೈಲ್ಸನ್ನು ಮನಸಾರೆ ಹೊಗಳಿದ ಮೊದಲ ಮನುಷ್ಯ ಚಿಕ್ಕಪ್ಪ.

ಅದೇ ಹೊತ್ತಿಗೆ ಹಸು ಮುಂಗಾಲು ಮಡಿಸಿ, ಹೋಮಕುಂಡಕ್ಕೆಂದು ರಂಗೋಲಿ ಬಿಟ್ಟಿದ್ದ ಜಾಗದಲ್ಲಿ ಮಲಗಿಬಿಟ್ಟಿತು.

ಔಷಧಿ ತರಲು ನಾನೇ ಹೋಗಬೇಕಾಯಿತು. ಗಂಡನನ್ನು ಪುರೋಹಿತರು ಬಿಡಲಿಲ್ಲ, ಉಳಿದವರ ಕಾರುಗಳೆಲ್ಲ ಒಂದರ ಹಿಂದೊಂದು ಸಿಕ್ಕಿಕೊಂಡಿದ್ದವು. ಅರಿಶಿನ ಬಣ್ಣದ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹತ್ತಿ ಮಾಗಡಿ ರಸ್ತೆಗೆ ಇಳಿದೆ. ಪಶು ಔಷಧಿ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾಯಿಗಾ ಮೇಡಂ?"

"ಅಲ್ಲ, ಹಸುಗೆ. ಡಿಮಿನಜೀನ್ ಅಂತೆ." ಚಿಕ್ಕಪ್ಪ ಅದನ್ನು ನನ್ನ ಅಂಗೈ ಮೇಲೆ ಬರೆದಿದ್ದರು. ಮೆಹಂದಿಯ ನಡುವೆ ಓದುವುದು ಕಷ್ಟವಾಗುತ್ತಿತ್ತು.

"ಹಸು ಎಲ್ಲಿದೆ?"

"ಹಾಲ್‌ನಲ್ಲಿ."

"ಯಾವ ಹಾಲ್?"

"ನಮ್ಮನೆ ಹಾಲ್ ಸಾರ್. ಸೋಫಾ ಇಡ್ಬೇಕಾಗಿರೋ ಜಾಗದಲ್ಲಿ ಮಲ್ಗಿದೆ."

ಚಿಕ್ಕಪ್ಪನಿಗೆ ಫೋನ್ ಹಚ್ಚಿಕೊಟ್ಟೆ. ಅತ್ತ ಕಡೆ ಗಣಪತಿ ಪೂಜೆಯ ಗಂಟೆಯ ಸದ್ದಿನ ನಡುವೆ ಚಿಕ್ಕಪ್ಪ ಹಸುವಿನ ತೂಕ, ಔಷಧಿಯ ಅಳತೆ, ಗ್ಲೂಕೋಸ್ ಬಾಟಲಿ, ಕಬ್ಬಿಣಾಂಶದ ಇಂಜೆಕ್ಷನ್ ಎಲ್ಲ ಕೂಗಿ ಹೇಳಿದರು. ಬಡಗಿ ಬಿಟ್ಟುಹೋಗಿದ್ದ ಟೇಪಿನಲ್ಲಿ ಹಸುವಿನ ಎದೆಯ ಸುತ್ತಳತೆ ತೆಗೆದು ತೂಕದ ಲೆಕ್ಕ ಹಾಕಿದ್ದರಂತೆ. ಅಂಗಡಿಯವರು ಪೊಟ್ಟಣ ಕಟ್ಟಿಕೊಟ್ಟು, "ಗೃಹಪ್ರವೇಶ ಚೆನ್ನಾಗಿ ಆಗ್ಲಿ ಮೇಡಂ," ಎಂದು ಹಾರೈಸಿದರು.

ನಾನು ಮರಳುವಷ್ಟರಲ್ಲಿ ಹೋಮ ಕಾರ್ ನಿಲ್ಲಿಸುವ ಜಾಗಕ್ಕೆ ವರ್ಗವಾಗಿತ್ತು. ಗೋವನ್ನು ಎಬ್ಬಿಸಿ ಹೋಮ ಮಾಡುವುದು ಬೇಡವೆಂದು ಪುರೋಹಿತರು ತೀರ್ಮಾನ ಕೊಟ್ಟಿದ್ದರು. ಅದಕ್ಕೂ ಮೊದಲು ಎಬ್ಬಿಸಲು ಎಲ್ಲರೂ ಒಂದು ಕೈ ನೋಡಿದ್ದರಂತೆ. ಆದರೆ ಆ ನುಣುಪು ನೆಲದ ಮೇಲೆ ಗೊರಸು ಎಲ್ಲಿ ನಿಲ್ಲುತ್ತದೆ? ಹಸು ಎರಡು ಸಲ ಏಳಲು ನೋಡಿ ಕಾಲು ಜಾರಿ ಕೂತಿತ್ತು. ಇನ್ನೊಂದು ಸಲ ಜಾರಿದರೆ ಸೊಂಟ ಮುರಿಯುತ್ತದೆಂದು ಚಿಕ್ಕಪ್ಪ ಗದರಿದ್ದರು.

"ಮರಳು ಬೇಕು," ಎಂದರು.

ಗೇಟಿನ ಪಕ್ಕದಲ್ಲಿ ಕಟ್ಟಡಕ್ಕೆ ತರಿಸಿ ಉಳಿದಿದ್ದ ಎಂ-ಸ್ಯಾಂಡಿನ ಗುಡ್ಡೆ ಇತ್ತು. ನನ್ನ ಗಂಡ ಅದನ್ನು ನೋಡಿದರು. ತಮ್ಮ ನೆಲವನ್ನು ನೋಡಿದರು.

"ಮರಳು ಹಾಕಿದ್ರೆ ಗೀರು ಬೀಳಲ್ವಾ ಚಿಕ್ಕಪ್ಪ?"

"ಬೀಳುತ್ತೆ. ಟೈಲ್ಸ್ ಮುಖ್ಯನೋ, ಹಸು ಕಾಲು ಮುಖ್ಯನೋ ಹೇಳಿ ಅಳಿಯಂದ್ರೇ."

ಇದಕ್ಕೆ ಉತ್ತರ ಥಟ್ಟನೆ ಬರಬೇಕಿತ್ತು. ಬರಲಿಲ್ಲ. ಅವರು ಎಷ್ಟು ಹೊತ್ತು ಯೋಚಿಸಿದರೆಂದರೆ ಹಾಲಿನ ಅಕ್ಕ ಅಳು ನಿಲ್ಲಿಸಿ ಅವರ ಮುಖವನ್ನೇ ನೋಡತೊಡಗಿದರು. ಕೊನೆಗೆ ಪಂಚೆ ಮೇಲೆತ್ತಿ ಕಟ್ಟಿ, ಬಾಣಲಿ ಎತ್ತಿಕೊಂಡು, ತಾವೇ ಮರಳು ತಂದು ಸುರಿದರು. ಸುರಿಯುವಾಗ ಮುಖ ಆಚೆ ತಿರುಗಿಸಿದ್ದರು.

ಔಷಧಿ ಅಚ್ಚ ಹಳದಿ ಪುಡಿ. ಅದನ್ನು ಶುದ್ಧ ನೀರಿನಲ್ಲಿ ಕದಡಿದರೆ ಥೇಟು ಅರಿಶಿನದ ನೀರು. ಚಿಕ್ಕಪ್ಪ ಪೊಟ್ಟಣವನ್ನು ಒಂದು ಘಳಿಗೆ ಪೂಜೆಯ ತಟ್ಟೆಯಲ್ಲಿಟ್ಟು ಕೈತೊಳೆಯಲು ಹೋದದ್ದೇ ತಡ, ನಮ್ಮ ಸೋದರತ್ತೆಯೊಬ್ಬರು ಅದನ್ನು ಎತ್ತಿಕೊಂಡು ಹೊಸ್ತಿಲಿಗೆ ಹಚ್ಚಲು ಕೂತಿದ್ದರು. ನಾನು ಓಡಿಹೋಗಿ ಕಿತ್ತುಕೊಂಡೆ. "ಅರಿಶಿನಾನೂ ಕೊಡಲ್ವಲ್ಲೇ!" ಎಂದು ಅವರು ನನ್ನ ಮೇಲೆ ಮುನಿಸಿಕೊಂಡು ಸಂಜೆಯವರೆಗೂ ಮಾತಾಡಲಿಲ್ಲ.

ಇಂಜೆಕ್ಷನ್ ಕೊಡುವ ಮೊದಲು ಚಿಕ್ಕಪ್ಪ ಹಸುವಿನ ಕಿವಿಯ ಅಂಚಿನಿಂದ ಒಂದು ತೊಟ್ಟು ರಕ್ತ ತೆಗೆದು, ಔಷಧಿಯ ಜೊತೆಗೇ ತರಿಸಿದ್ದ ಗಾಜಿನ ಪಟ್ಟಿಯ ಮೇಲೆ ಸವರಿ, ಒಣಗಿಸಿ, ರೇಷ್ಮೆ ಜುಬ್ಬದ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಹಿಂದೊಡೆಯ ಮಾಂಸದಲ್ಲಿ ಸೂಜಿ ಆಳಕ್ಕೆ ಇಳಿಸಿದರು. ನನ್ನ ಗಂಡ ಹಸುವಿನ ಮೂಗುದಾರ ಹಿಡಿದು ಕೂತಿದ್ದರು. ಹಸು ಒಮ್ಮೆ ಬಾಲ ಬೀಸಿತು. ಅದು ಹೋಗಿ ಬಡಿದದ್ದು ವೀಡಿಯೋ ತೆಗೆಯುತ್ತಿದ್ದ ಸೋದರಮಾವನ ಕೆನ್ನೆಗೆ. ಅವರದು ಅಂದು ಒಟ್ಟಾರೆ ಒಳ್ಳೆಯ ದಿನವಲ್ಲ.

ಗ್ಲೂಕೋಸ್ ಬಾಟಲಿ ತೂಗುಹಾಕಲು ಸ್ಟ್ಯಾಂಡ್ ಬೇಕಲ್ಲ? ನಡುಮನೆಯ ಸೂರಿನ ಮಧ್ಯದಲ್ಲಿ ದೊಡ್ಡ ದೀಪಗುಚ್ಛ ಹಾಕಬೇಕೆಂದು ಬಿಡಿಸಿದ್ದ ಕಬ್ಬಿಣದ ಕೊಕ್ಕೆ ಇತ್ತು. ಪೇಂಟರು ಬಿಟ್ಟುಹೋಗಿದ್ದ ಏಣಿ ಹಾಕಿ, ತೋರಣದ ಹುರಿಯಲ್ಲಿ ಬಾಟಲಿ ಇಳಿಬಿಟ್ಟಾಯಿತು. ಅತ್ತೆ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟರು. ಅವರಿಗೆ ಯಾವುದಕ್ಕೆ ಇಡಬೇಕು, ಯಾವುದಕ್ಕೆ ಬಿಡಬೇಕು ಎಂಬುದೆಲ್ಲ ಕಲೆಸಿಹೋಗಿತ್ತು. ಬಟ್ಟಲು ಹಿಡಿದು ಹೋದ ಕಡೆಗೆಲ್ಲ ಇಡುತ್ತಿದ್ದರು. ಫ್ರಿಡ್ಜಿಗೆ, ಮೋಟರಿಗೆ, ಕೂತಿದ್ದ ಚಿಕ್ಕಪ್ಪನಿಗೆ.

ಹನ್ನೊಂದರ ಮೇಲೆ ನೆಂಟರು ಬರತೊಡಗಿದರು. ರಾಜಾಜಿನಗರದಿಂದ, ವಿಜಯನಗರದಿಂದ, ನನ್ನ ಆಫೀಸಿನವರು, ಅವರ ಆಫೀಸಿನವರು. ಊಟ ಪಕ್ಕದ ಖಾಲಿ ಸೈಟಿನ ಶಾಮಿಯಾನದಲ್ಲಿ. ಮನೆ ನೋಡಲು ಒಳಗೆ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಮರಳಿನ ದಿಬ್ಬ, ಅದರ ಮೇಲೆ ಸೇವಂತಿಗೆ ಹಾರ ಹಾಕಿಕೊಂಡ ಹಸು, ಸೂರಿನಿಂದ ಹನಿಹನಿಯಾಗಿ ಇಳಿಯುವ ಗ್ಲೂಕೋಸ್, ಪಕ್ಕದಲ್ಲಿ ನೆಲದ ಮೇಲೆ ಹಾಲಿನ ಅಕ್ಕ.

"ಮನೆ ಚೆನ್ನಾಗಿದೆ," ಎಂದರು ನಮ್ಮ ಮ್ಯಾನೇಜರ್. ಸ್ವಲ್ಪ ತಡೆದು, "ಹಸು... ಪರ್ಮನೆಂಟಾ?" ಎಂದು ಕೇಳಿದರು.

ಎಲ್ಲರಿಗೂ ವಿವರಣೆ ಕೊಡುವ ಕೆಲಸ ಚಿಕ್ಕಪ್ಪನದು. ಉಣ್ಣೆ ಎಲ್ಲಿ ಅಡಗಿರುತ್ತದೆ, ನಾಟಿ ಹಸುವಿಗಿಂತ ಸೀಮೆ ಹಸುವನ್ನು ಈ ರೋಗ ಏಕೆ ಹೆಚ್ಚು ಕಾಡುತ್ತದೆ, ರಕ್ತಕಣ ಹೇಗೆ ಒಡೆಯುತ್ತದೆ ಎಂದು ಕೈಯಲ್ಲಿ ಒಬ್ಬಟ್ಟು ಹಿಡಿದು, ಅದನ್ನೇ ರಕ್ತಕಣವೆಂದು ತೋರಿಸಿ, ಮಧ್ಯಕ್ಕೆ ಹರಿದು ಹೂರಣ ಆಚೆ ಬರಿಸಿ ಹೇಳುತ್ತಿದ್ದರು. ಜನ ಓಡಿಹೋಗಲಿಲ್ಲ. ಊಟದ ಪಂಕ್ತಿಯಲ್ಲಿ ಅವರ ಅಕ್ಕಪಕ್ಕದ ಎಲೆಗೆ ಪೈಪೋಟಿಯೇ ಆಯಿತು. "ನಮ್ಮ ಪಮೇರಿಯನ್‌ಗೂ ಉಣ್ಣೆ ಇದೆ ಡಾಕ್ಟ್ರೇ," "ನಮ್ಮಮ್ಮನ ಊರಲ್ಲಿ ಎಮ್ಮೆ," ಎಂದು ಒಬ್ಬೊಬ್ಬರದು ಒಂದೊಂದು. ಗೋಡೆ ಕಡೆಯ ಕೊನೆಯ ಎಲೆಯಲ್ಲಿ ಕೂರಬೇಕಾಗಿದ್ದ ಮನುಷ್ಯ ಮೊದಲ ಪಂಕ್ತಿಯ ನಡುವೆ ಕೂತು ಎರಡೆರಡು ಸಲ ಬಡಿಸಿಕೊಂಡರು.

ಗಲಾಟೆಯಾದದ್ದು ಊಟದ ನಂತರ. ಅತ್ತೆ ಗಂಜಲ ಹಿಡಿದಿದ್ದ ಬೆಳ್ಳಿ ಚೊಂಬು ಕಾಣುತ್ತಿರಲಿಲ್ಲ. ದೇವರ ಮನೆಯಲ್ಲಿ ವೀಳ್ಯದೆಲೆ ಮುಚ್ಚಿ ಇಟ್ಟಿದ್ದರಂತೆ. ಅದೇ ಹೊತ್ತಿಗೆ ಅಡುಗೆಯವರು ಎಲ್ಲರಿಗೂ ಕಾಫಿ ಹಂಚಿ ಮುಗಿಸಿದ್ದರು. ಒಳಗೆ ಬಂದ ಸೋದರಮಾವ ಲೋಟ ಎತ್ತಿ ಹಿಡಿದು, "ಇವತ್ತು ಡಿಕಾಕ್ಷನ್ ಏನ್ ಸ್ಟ್ರಾಂಗ್ ಆಗಿದೆ ರೀ! ಬಣ್ಣ ನೋಡಿ!" ಎಂದರು.

ಅತ್ತೆ ನನ್ನ ಮುಖ ನೋಡಿದರು. ನಾನು ಅಡುಗೆಮನೆಗೆ ಓಡಿದೆ.

"ಡಿಕಾಕ್ಷನ್ ಎಲ್ಲಿಂದ ತಗೊಂಡ್ರಿ?"

"ಪಾತ್ರೆಯಿಂದ ಅಕ್ಕ. ಇನ್ನೆಲ್ಲಿಂದ ತಗೋತಾರೆ?" ಎಂದರು ಅಡುಗೆಯವರು.

"ಬೆಳ್ಳಿ ಚೊಂಬು ಏನಾದ್ರೂ...?"

"ಬೆಳ್ಳಿ ಚೊಂಬಿನ ಸುದ್ದಿಗೆ ನಾವು ಹೋಗಲ್ಲಕ್ಕ. ಹೋದ ಮನೇಲೆಲ್ಲ ಇದೇ ಅನುಮಾನ!" ಅವರಿಗೂ ಸಿಟ್ಟು ಬಂತು.

ಎಲ್ಲ ಕಪಾಟು ತೆಗೆದು ನೋಡಿ, ಕೊನೆಗೆ ಮೊಸರಿಗೆಂದು ಫ್ರಿಡ್ಜ್ ತೆಗೆದರೆ ಚೊಂಬು ಅಲ್ಲಿ ತಣ್ಣಗೆ ಕೂತಿತ್ತು. ಮೇಲೊಂದು ಬಾಳೆ ಎಲೆಯ ಚೂರು, ಅದರ ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ "ಸ್ಯಾಂಪಲ್. ಕುಡಿಯಬಾರದು." ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೆ ಮೊದಲು ಸಿಟ್ಟು, ಆಮೇಲೆ ಅವರಿಗೂ ನಗು. ನಾವಿಬ್ಬರೂ ಫ್ರಿಡ್ಜಿನ ಬಾಗಿಲು ಹಿಡಿದುಕೊಂಡು ಬಿಕ್ಕಳಿಕೆ ಬರುವಷ್ಟು ನಕ್ಕೆವು. ಸೋದರಮಾವನಿಗೆ ಮಾತ್ರ ಏನೂ ಹೇಳಲಿಲ್ಲ. ಅವರು ಇನ್ನೊಂದು ಲೋಟ ಕಾಫಿ ಹಾಕಿಸಿಕೊಂಡಿದ್ದರು.

ಹೊಸ ಮನೆಯಲ್ಲಿ ಮೊದಲ ದಿನ ದೀಪ ಆರಬಾರದು, ಮನೆಯವರು ಅಲ್ಲೇ ಮಲಗಬೇಕು ಎಂಬ ರೂಢಿ. ಹಸುವೂ ಹಾಲಿನ ಅಕ್ಕನೂ ನಮ್ಮ ಜೊತೆಗೇ ಉಳಿದರು. ಬೆಳಿಗ್ಗೆ ನನಗೆ ಎಚ್ಚರವಾದದ್ದು ನನ್ನ ಗಂಡನ ಕೂಗಿಗೆ. "ಲೇ, ಬಾ ಬೇಗ! ಬಣ್ಣ ತಿರುಗಿದೆ!" ಎನ್ನುತ್ತ ಗಂಜಲ ಹಿಡಿದ ಗಾಜಿನ ಲೋಟವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು, ಟೈಲ್ಸ್ ಅಂಗಡಿಯಲ್ಲಿ ಹಿಡಿಯುತ್ತಿದ್ದ ಹಾಗೆಯೇ. ಹಸು ಎದ್ದು ನಿಂತಿತ್ತು. ಚಿಕ್ಕಪ್ಪನಿಗೆ ಫೋನಿನಲ್ಲಿ ವರದಿ ಹೋಯಿತು: "ಚಿಕ್ಕಪ್ಪ, ನೆನ್ನೆ ವಾಲ್ನಟ್ ಇತ್ತಲ್ಲ, ಈಗ ಹನಿ ಕಲರ್ ಆಗಿದೆ. ಹನಿಗಿಂತ ಒಂದು ಶೇಡ್ ಲೈಟ್ ಅನ್ನಿ." ಸಂಜೆಗೆ ಅದು ಸ್ಯಾಂಡ್ ಆಯಿತು, ಮಾರನೆಯ ಬೆಳಿಗ್ಗೆ ಲೆಮನ್. ಪ್ರತಿ ಶೇಡಿಗೂ ಒಂದು ಫೋಟೋ. ಅವಸರದಲ್ಲಿ ಒಂದು ಫೋಟೋ ಅವರ ಆಫೀಸಿನ ವಾಟ್ಸಾಪ್ ಗುಂಪಿಗೂ ಹೋಗಿ, ಯಾರೋ "ಒಳ್ಳೇ ಜೇನುತುಪ್ಪ, ಎಲ್ಲಿ ಸಿಗುತ್ತೆ ಸಾರ್?" ಎಂದು ಕೇಳಿದ್ದರು.

ಹಸಿವು ಮರಳಿದ ಹಸು ಬಾಗಿಲಿನ ತೋರಣವನ್ನು ಒಂದು ಕಡೆಯಿಂದ ತಿನ್ನುತ್ತ ಬಂತು. ಗೋಣಿಚೀಲ ಹಾಸಿ ಅದನ್ನು ಕೊಟ್ಟಿಗೆಗೆ ನಡೆಸಿಕೊಂಡು ಹೋದೆವು. ಔಷಧಿಯ ಅಂಶ ಇಳಿಯುವವರೆಗೆ ಹಾಲು ಯಾರಿಗೂ ಕೊಡಬೇಡಿ ಎಂದು ಚಿಕ್ಕಪ್ಪ ಹೇಳಿದ್ದರು. ಅಕ್ಕ ಹಾಗೆಯೇ ಮಾಡಿದರು. ಮಿಕ್ಕ ಹಸುಗಳ ಮೈಗೂ ಉಣ್ಣೆಯ ಔಷಧಿ ಹಚ್ಚಿದ್ದಾಯಿತು. ನಮ್ಮ ನಡುಮನೆಯಲ್ಲಿ ಮರಳು ಗುಡಿಸಿದ ಮೇಲೆ ಗೀರುಗಳು ಕಂಡವು. ನನ್ನ ಗಂಡ ಮಂಡಿಯೂರಿ ಎಲ್ಲವನ್ನೂ ಸವರಿ ನೋಡಿ, ಎದ್ದು ಅದರ ಮೇಲೆ ಜಮಖಾನ ಹಾಸಿದರು.

ಮುಂದಿನ ವಾರ ಚಿಕ್ಕಪ್ಪ ಅತ್ತೆಯನ್ನೂ ನನ್ನನ್ನೂ ತಮ್ಮ ಹಳೆಯ ಸಹೋದ್ಯೋಗಿಯೊಬ್ಬರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಜೇಬಿನಲ್ಲಿಟ್ಟುಕೊಂಡಿದ್ದ ಗಾಜಿನ ಪಟ್ಟಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದರು. ಮೊದಲು ನಾನು ನೋಡಿದೆ. ತೆಳು ಗುಲಾಬಿ ಬಣ್ಣದ ದುಂಡನೆಯ ಕಣಗಳು, ಕೆಲವದರ ಒಳಗೆ ನೇರಳೆ ಬಣ್ಣದ ಎರಡು ಪುಟ್ಟ ಪೇರಳೆಹಣ್ಣುಗಳು, ತುದಿಗೆ ತುದಿ ತಾಗಿಸಿಕೊಂಡು ಕೂತ ಹಾಗೆ. ಆಮೇಲೆ ಅತ್ತೆ ಬಗ್ಗಿದರು.

"ಏನೂ ಕಾಣ್ತಿಲ್ಲ ಬೀಗರೇ. ನನ್ನ ರೆಪ್ಪೆನೇ ಕಾಣ್ತಿದೆ."

"ಕನ್ನಡಕ ತೆಗೀರಿ. ಆ ಇನ್ನೊಂದು ಕಣ್ಣು ಮುಚ್ಬೇಡಿ. ಹಾಂ, ಈಗ?"

ಅತ್ತೆ ಬಹಳ ಹೊತ್ತು ಅಲ್ಲಾಡದೆ ನೋಡಿದರು. "ಅಯ್ಯೋ, ಇದೇನಾ? ಜೋಡಿ ಜೋಡಿಯಾಗಿ ಕೂತಿವೆ. ನೋಡೋಕೇನು ಮುದ್ದಾಗಿವೆ, ಮುಂಡೇವು!"

ಅಲ್ಲಿದ್ದ ಡಾಕ್ಟರು ಜೋರಾಗಿ ನಕ್ಕರು. ಹಿಂದಿರುಗುವಾಗ ಆಟೋದಲ್ಲಿ ಅತ್ತೆ ಚಿಕ್ಕಪ್ಪನ ಪಕ್ಕವೇ ಕೂತಿದ್ದರು. ಮಾರೇನಹಳ್ಳಿ ದಾಟುವ ಹೊತ್ತಿಗೆ ಕೇಳಿದರು: "ಅಲ್ಲ ಬೀಗರೇ, ಆವತ್ತು ಮದುವೇಲಿ ಜಂತುಹುಳು ಅಂತ ಏನೋ ಹೇಳ್ತಿದ್ರಲ್ಲ, ಅದು ಪೂರ್ತಿ ಹೇಳ್ಲೇ ಇಲ್ಲ ನೀವು."

ಚಿಕ್ಕಪ್ಪ ಎರಡೂ ಕೈ ಅಗಲಿಸಿ ಅಳತೆ ತೋರಿಸಲು ಹೋದರು. ಆಟೋದಲ್ಲಿ ಜಾಗ ಸಾಲಲಿಲ್ಲ.